ನಿಯಾನ್ ತೂಗಿದ ವಾಟ್ಸನ್

ಮೈಸೂರು ಶ್ರೀಗಂಧದ ಎಣ್ಣೆಯ ಚರಿತ್ರೆ ಬರೆದವರು ಎರಡು ಹೆಸರುಗಳನ್ನು ಜೋಡಿಯಾಗಿ ಹೇಳಿ ಮುಂದೆ ಹೋಗುತ್ತಾರೆ: ಪ್ರೊಫೆಸರ್ ಸಡ್‌ಬರೊ, ಪ್ರೊಫೆಸರ್ ವಾಟ್ಸನ್. 1914ರಲ್ಲಿ ಮಹಾಯುದ್ಧ ಶುರುವಾಗಿ ಗಂಧದ ಕೊರಡುಗಳಿಗೆ ಜರ್ಮನಿಯ ಮಾರುಕಟ್ಟೆ ಮುಚ್ಚಿಹೋಯಿತು. ಮರವನ್ನು ಹರಾಜು ಹಾಕಿ ಕಳಿಸುವ ಬದಲು ಎಣ್ಣೆಯನ್ನೇ ಇಲ್ಲಿ ತೆಗೆಯೋಣ ಎಂದು ಮೈಸೂರು ಸರ್ಕಾರ ಹೊರಟಿತು. ಕೈಗಾರಿಕಾ ಇಲಾಖೆಯಲ್ಲಿದ್ದ ಆಲ್ಫ್ರೆಡ್ ಚಾಟರ್ಟನ್ ಇದರ ಹಿಂದೆ ಬಿದ್ದರು. ಹಳಬರು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆ ಇಬ್ಬರು ರಸಾಯನಶಾಸ್ತ್ರಜ್ಞರು ಎಣ್ಣೆ ಬಟ್ಟಿ ಇಳಿಸುವ ಕ್ರಮವನ್ನು ಪರೀಕ್ಷಿಸಿ ಗೊತ್ತುಮಾಡಿದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಕಾರ್ಖಾನೆ ಎದ್ದಿತು.

ಶ್ರೀಗಂಧದ ಕಥೆ ನಮ್ಮ ಸೀಮೆಯವರಿಗೆ ಹೊಸದಲ್ಲ. 1792ರಲ್ಲಿ ಟಿಪ್ಪು ಅದನ್ನು ರಾಜವೃಕ್ಷ ಎಂದು ಸಾರಿದ ಮೇಲೆ, ಸ್ವಂತ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡಕ್ಕೂ ರೈತ ಕೊಡಲಿ ಹಾಕುವಂತಿರಲಿಲ್ಲ. ಆ ಕಥೆಯ ಎಳೆ ಹಿಡಿದೇ ನಾನು ಹಳೆಯ ಕಾಗದಗಳಿಗೆ ಇಳಿದದ್ದು. ಆದರೆ ಅಲ್ಲಿ ನನ್ನನ್ನು ಕಟ್ಟಿಹಾಕಿದ್ದು ಗಂಧವಲ್ಲ, ಎರಡನೆಯ ಹೆಸರು. ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯವರಾದ ನಮಗೆ ಕೆಲಸದ ಪಕ್ಕ ಹೆಸರು ಹುಡುಕುವ ಅಭ್ಯಾಸ ಚಿಕ್ಕಂದಿನಿಂದಲೇ ಬರುತ್ತದೆ. ಹದಿಮೂರನೆಯ ಶತಮಾನದ ನಮ್ಮೂರ ಪಂಚಲಿಂಗೇಶ್ವರ ಗುಡಿಯಲ್ಲಿ ರೂವಾರಿ ಮಲ್ಲಿತಮ್ಮ ಕಲ್ಲಿನ ಮೇಲೆ ತನ್ನ ಹೆಸರು ಬಿಟ್ಟಿದ್ದಾನೆ. ಇಲ್ಲದಿದ್ದರೆ ಐದು ಗರ್ಭಗುಡಿಗಳ ಆ ಅಪರೂಪದ ಕೆಲಸವನ್ನೂ ‘ಹೊಯ್ಸಳರು ಕಟ್ಟಿಸಿದ್ದು’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದೆವು.

ವಾಟ್ಸನ್ ಎಂಬುದು ಇಂಗ್ಲೆಂಡಿನಲ್ಲಿ ಗಲ್ಲಿಗೊಂದು ಸಿಗುವ ಹೆಸರು. ನನ್ನ ಬಳಿ ಇದ್ದದ್ದು ಇನಿಷಿಯಲ್ ಮಾತ್ರ: ಎಚ್. ಇ. ಅಷ್ಟನ್ನೇ ಹಿಡಿದು ಹಳೆಯ ನಿಯತಕಾಲಿಕಗಳ ಸೂಚಿಗಳನ್ನು ಜಾಲಾಡಿದಾಗ ಮೂವರು ವಾಟ್ಸನ್‌ಗಳು ಎದುರಾದರು. ಒಬ್ಬ ಬೆಂಗಳೂರಿನ ಗಂಧದೆಣ್ಣೆಯವನು. ಇನ್ನೊಬ್ಬ 1910ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ನಿಯಾನ್ ಅನಿಲದ ಸಾಂದ್ರತೆ ಮತ್ತು ಪರಮಾಣು ತೂಕದ ಬಗ್ಗೆ ಬರೆದವನು. ಮೂರನೆಯವರು 1934ರಿಂದ ಲಂಡನ್ ಯೂನಿವರ್ಸಿಟಿ ಕಾಲೇಜಿನಲ್ಲಿ ಕೆಮಿಕಲ್ ಎಂಜಿನಿಯರಿಂಗ್‌ನ ರಾಮ್ಸೆ ಸ್ಮಾರಕ ಪೀಠದಲ್ಲಿದ್ದ ಪ್ರೊಫೆಸರ್.

ಇವರನ್ನು ಒಂದುಗೂಡಿಸಿದ್ದು 1931ರ ಒಂದು ಲೇಖನ. ರಾಯಲ್ ಸೊಸೈಟಿಯ ‘ಪ್ರೊಸೀಡಿಂಗ್ಸ್’ನ 132ನೆಯ ಸಂಪುಟ. ವಿಷಯ, ವಿದ್ಯುತ್ ಕ್ಷೇತ್ರದಲ್ಲಿ ಅನಿಲಗಳ ವರ್ತನೆ. ಮೊದಲ ಭಾಗದಲ್ಲಿ ನಿಯಾನ್‌ನಂಥ ವಿರಳ ಅನಿಲಗಳು ಮತ್ತು ಹೈಡ್ರೋಜನ್. ಬರೆದವರು ಎಚ್. ಇ. ವಾಟ್ಸನ್, ಜಿ. ಗುಂಡೂರಾವ್, ಕೆ. ಎಲ್. ರಾಮಸ್ವಾಮಿ. ಕೆಲಸ ನಡೆದದ್ದು ಬೆಂಗಳೂರಿನಲ್ಲಿ. ಲಂಡನ್ನಿನ ನಿಯಾನು, ಬೆಂಗಳೂರಿನ ಪ್ರಯೋಗಶಾಲೆ ಎರಡೂ ಒಂದೇ ಹಾಳೆಯ ಮೇಲೆ ಕೂಡಿದವು. ಮೂವರೂ ಒಬ್ಬರೇ: ಹರ್ಬರ್ಟ್ ಎಡ್ಮೆಸ್ಟನ್ ವಾಟ್ಸನ್.

ಆತ ಬೆಂಗಳೂರಿಗೆ ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. 1900ರ ಚಳಿಗಾಲದಲ್ಲಿ ಜಮ್ಷೆಡ್‌ಜಿ ಟಾಟಾರ ಯೋಜನೆಗೆ ಜಾಗ ನೋಡಲು ದೇಶ ಸುತ್ತಿ, ಬೆಂಗಳೂರೇ ಸರಿ ಎಂದವರು ಸರ್ ವಿಲಿಯಂ ರಾಮ್ಸೆ. ಸಂಸ್ಥೆಯ ಮೊದಲ ನಿರ್ದೇಶಕ ಮೋರಿಸ್ ಟ್ರಾವರ್ಸ್, ರಾಮ್ಸೆಯ ಬಲಗೈ. ಇಬ್ಬರೂ ಸೇರಿ 1898ರ ಬೇಸಿಗೆಯಲ್ಲಿ ಕ್ರಿಪ್ಟಾನ್, ನಿಯಾನ್, ಜೆನಾನ್ ಮೂರನ್ನೂ ಕೆಲವೇ ತಿಂಗಳಲ್ಲಿ ಕಂಡುಹಿಡಿದಿದ್ದರು. ನಿಯಾನ್ ತುಂಬಿದ ಕೊಳವೆಯಲ್ಲಿ ಮೊದಲ ಬಾರಿಗೆ ಆ ಕೆಂಪು ಬೆಳಕು ಹೊತ್ತಿದ್ದನ್ನು ನೋಡಿದ ಕಣ್ಣುಗಳೇ ಎಂಟು ವರ್ಷದ ಮೇಲೆ ಬೆಂಗಳೂರಿನ ಉತ್ತರದ ಬಯಲಿನಲ್ಲಿ, ಮೈಸೂರು ಸರ್ಕಾರ ಕೊಟ್ಟ 371 ಎಕರೆಯಲ್ಲಿ, ಕಟ್ಟಡದ ಕೆಲಸ ನೋಡಿಕೊಂಡವು. 1911ರಲ್ಲಿ ಸಂಸ್ಥೆ ಮೊದಲ ವಿದ್ಯಾರ್ಥಿಗಳನ್ನು ತೆಗೆದುಕೊಂಡಿತು. ಅದೇ ಹೊತ್ತಿಗೆ ರಾಮ್ಸೆಯ ಪ್ರಯೋಗಶಾಲೆಯ ತರುಣ ವಾಟ್ಸನ್ ಅಲ್ಲಿಗೆ ಬಂದ.

ಬರುವ ಮುನ್ನ ಆತ ಮಾಡಿ ಮುಗಿಸಿದ ಕೆಲಸವೇನು? ಗಾಳಿಯಲ್ಲಿ ನಿಯಾನ್ ಇರುವುದು ಹತ್ತು ಲಕ್ಷಕ್ಕೆ ಸುಮಾರು ಹದಿನೆಂಟು ಪಾಲು. ಅದನ್ನು ಹೀಲಿಯಂ, ನೈಟ್ರೋಜನ್‌ಗಳಿಂದ ಬಿಡಿಸಿ, ಶುದ್ಧಮಾಡಿ, ತೂಗಿ, ಪರಮಾಣು ತೂಕ 20.200 ಎಂದು ಹೇಳಿದ. ಮೂರನೆಯ ದಶಮಾಂಶದವರೆಗೂ ಬಾಯಿಬಿಟ್ಟು ಹೇಳಬೇಕಾದರೆ ತೂಗಿದವನಿಗೆ ತನ್ನ ಕೈಯ ಮೇಲೆ ಎಷ್ಟು ನಂಬಿಕೆ ಇರಬೇಕು!

ಆ ಸಂಖ್ಯೆ ಅಂದಿನವರಿಗೆ ಕಸಿವಿಸಿ ತರುವಂಥದ್ದು. ಕಾರ್ಬನ್ 12, ಆಕ್ಸಿಜನ್ 16, ಫ್ಲೂರಿನ್ 19 ಎಂದು ಹಗುರ ಧಾತುಗಳ ತೂಕ ಬಹುಮಟ್ಟಿಗೆ ಪೂರ್ಣಾಂಕದ ಪಕ್ಕದಲ್ಲೇ ನಿಲ್ಲುತ್ತವೆ. ನಿಯಾನ್ 20ನ್ನು ದಾಟಿ ಐದನೇ ಒಂದು ಭಾಗ ಮುಂದೆ ಹೋಗಿ ನಿಂತಿದೆ. ಅಳತೆ ತಪ್ಪಿರಬಹುದೇ? ತಕ್ಕಡಿಯ ಕೆಲಸ ಅಷ್ಟು ಕಟ್ಟುನಿಟ್ಟಾಗಿ ನಡೆದಿಲ್ಲದಿದ್ದರೆ ಹಾಗೆಂದುಕೊಂಡು ಬಿಟ್ಟುಬಿಡಬಹುದಿತ್ತು. ವಾಟ್ಸನ್ ಆ ದಾರಿಯನ್ನು ಮುಚ್ಚಿಟ್ಟಿದ್ದ. ನಾನು ಈ ಲೇಖನ ಬರೆಯುತ್ತಿರುವುದಕ್ಕೆ ಮುಖ್ಯ ಕಾರಣವೇ ಇದು.

ಈಗ ಕೇಂಬ್ರಿಜ್‌ಗೆ ಹೋಗಬೇಕು. ಅಲ್ಲಿ ಜೆ. ಜೆ. ಥಾಮ್ಸನ್ ಅಯಾನುಗಳನ್ನು ಬೇರೆಮಾಡುವ ಹೊಸ ಬಗೆಯೊಂದನ್ನು ಪಳಗಿಸುತ್ತಿದ್ದರು. ಗಾಜಿನ ಬುರುಡೆಯೊಳಗೆ ತೀರ ತೆಳುವಾಗಿ ಅನಿಲ ಬಿಟ್ಟು ಹೆಚ್ಚಿನ ವೋಲ್ಟೇಜ್ ಹಾಯಿಸಿದರೆ ಅನಿಲದ ಕಣಗಳು ಎಲೆಕ್ಟ್ರಾನ್ ಕಳೆದುಕೊಂಡು ಧನ ಅಯಾನುಗಳಾಗುತ್ತವೆ. ಕ್ಯಾಥೋಡಿನ ಕಡೆಗೆ ನುಗ್ಗುತ್ತವೆ. ಕ್ಯಾಥೋಡಿನಲ್ಲಿ ಸಣ್ಣ ತೂತು ಕೊರೆದಿಟ್ಟರೆ ಕೆಲವು ಅದರೊಳಗಿಂದ ಹಾದು ಆಚೆ ಬರುತ್ತವೆ. ಜರ್ಮನಿಯ ಗೋಲ್ಡ್‌ಸ್ಟೈನ್ 1886ರಲ್ಲೇ ಕಂಡ ಕಿರಣಗಳು ಇವು. ಥಾಮ್ಸನ್ ಆ ಕಿರಣದ ಹಾದಿಯಲ್ಲಿ ಎರಡು ಲೋಹದ ಫಲಕಗಳನ್ನಿಟ್ಟು ವಿದ್ಯುತ್ ಕ್ಷೇತ್ರ ಕೊಟ್ಟರು; ಅದೇ ಜಾಗದಲ್ಲಿ ಅಯಸ್ಕಾಂತವನ್ನೂ ಇಟ್ಟರು. ಕಣದಲ್ಲಿ ರಾಗಿ ತೂರುವಾಗ ಒಂದೇ ಗಾಳಿಗೆ ಕಾಳು ಹತ್ತಿರ, ಹೊಟ್ಟು ದೂರ ಬೀಳುತ್ತದಲ್ಲ, ಹಾಗೆ ಒಂದೇ ಕ್ಷೇತ್ರದಲ್ಲಿ ಹಗುರ ಅಯಾನು ಹೆಚ್ಚು ಬಾಗುತ್ತದೆ, ಭಾರದ್ದು ಕಡಿಮೆ.

ಆದರೆ ಅಯಾನುಗಳೆಲ್ಲ ಒಂದೇ ವೇಗದಲ್ಲಿ ಬರುವುದಿಲ್ಲ. ನಿಧಾನವಾಗಿ ಬಂದ ಭಾರದ ಅಯಾನೂ ವೇಗವಾಗಿ ಬಂದ ಹಗುರ ಅಯಾನೂ ವಿದ್ಯುತ್ ಕ್ಷೇತ್ರದಲ್ಲಿ ಒಂದೇ ಅಳತೆಗೆ ಬಾಗಿಬಿಡಬಹುದು. ಅಯಸ್ಕಾಂತ ಬೇಕಾದದ್ದು ಇದಕ್ಕೆ. ವಿದ್ಯುತ್ತು ಅಯಾನನ್ನು ಒಂದು ದಿಕ್ಕಿಗೆ ತಳ್ಳಿದರೆ, ಅಯಸ್ಕಾಂತ ಅದಕ್ಕೆ ಅಡ್ಡ ದಿಕ್ಕಿಗೆ ತಳ್ಳುತ್ತದೆ. ಮೊದಲ ಬಾಗುವಿಕೆ ವೇಗದ ವರ್ಗಕ್ಕೆ ವಿಲೋಮ, ಎರಡನೆಯದು ವೇಗಕ್ಕೆ ವಿಲೋಮ. ಎರಡನೆಯದನ್ನು ವರ್ಗಮಾಡಿ ಮೊದಲನೆಯದರಿಂದ ಭಾಗಿಸಿದರೆ ವೇಗ ಹಾರಿಹೋಗಿ, ಆವೇಶಕ್ಕೂ ರಾಶಿಗೂ ಇರುವ ಪ್ರಮಾಣವಷ್ಟೇ ಉಳಿಯುತ್ತದೆ. ಹಾಗಾಗಿ ಒಂದೇ ರಾಶಿಯ, ಒಂದೇ ಆವೇಶದ ಅಯಾನುಗಳೆಲ್ಲ, ವೇಗ ಎಷ್ಟೇ ಇರಲಿ, ಫೋಟೋ ಫಲಕದ ಮೇಲೆ ಒಂದೇ ಪರವಲಯದ ಗೆರೆಯಲ್ಲಿ ಬಂದು ಬೀಳುತ್ತವೆ. ಬೇರೆ ರಾಶಿಗೆ ಬೇರೆ ಗೆರೆ. ಫಲಕ ತೊಳೆದು ನೋಡಿದರೆ ಬುರುಡೆಯಲ್ಲಿ ಏನೇನಿತ್ತು ಎಂಬುದರ ಪಟ್ಟಿಯೇ ಕೈಗೆ ಸಿಗುತ್ತದೆ. ಮಾದರಿ ಶುದ್ಧವಾಗಿರಬೇಕೆಂದಿಲ್ಲ, ಎಳ್ಳಷ್ಟು ಸಾಕು. ಥಾಮ್ಸನ್ 1913ರಲ್ಲಿ ಬರೆದ ಪುಸ್ತಕಕ್ಕೆ ಧನವಿದ್ಯುತ್ತಿನ ಕಿರಣಗಳು ಮತ್ತು ರಾಸಾಯನಿಕ ವಿಶ್ಲೇಷಣೆಯಲ್ಲಿ ಅವುಗಳ ಬಳಕೆ ಎಂಬರ್ಥದ ಹೆಸರಿಟ್ಟರು. ರಸಾಯನಶಾಸ್ತ್ರಜ್ಞರು ಇದನ್ನು ಕೈಗೆತ್ತಿಕೊಳ್ಳಲಿ ಎಂಬ ಆಸೆ ಆ ಹೆಸರಿನಲ್ಲೇ ಇದೆ.

1912ರ ಕೊನೆಯಲ್ಲಿ ನಿಯಾನ್ ಇದ್ದ ಅನಿಲವನ್ನು ಹಾಯಿಸಿದಾಗ 20ರ ಗೆರೆಯ ಪಕ್ಕದಲ್ಲಿ 22ರ ಮಸುಕು ಗೆರೆಯೊಂದು ಕಂಡಿತು. ಆ ತೂಕದ ಧಾತು ಯಾವುದೂ ಇಲ್ಲ. ಎರಡು ಆವೇಶ ಹೊತ್ತ ಕಾರ್ಬನ್ ಡೈಆಕ್ಸೈಡ್ ಇರಬಹುದೇ ಎಂಬುದು ಮೊದಲ ಅನುಮಾನ. 44ರ ಅರ್ಧ 22. ಅನಿಲವನ್ನು ದ್ರವಗಾಳಿಯಲ್ಲಿ ತಣಿಸಿದ ಕೊಳವೆಯ ಮೂಲಕ ಹಾಯಿಸಿ ಕಾರ್ಬನ್ ಡೈಆಕ್ಸೈಡನ್ನು ಹೆಪ್ಪುಗಟ್ಟಿಸಿ ತೆಗೆದರು. ಗೆರೆ ಹೋಗಲಿಲ್ಲ. ನಿಯಾನ್‌ಗೆ ಎರಡು ಹೈಡ್ರೋಜನ್ ಅಂಟಿಕೊಂಡಿರಬಹುದೇ ಎಂಬುದು ಎರಡನೆಯ ಅನುಮಾನ. ಥಾಮ್ಸನ್‌ರ ಮನಸ್ಸು ಬಹಳ ಕಾಲ ಈ ಕಡೆಗೇ ವಾಲುತ್ತಿತ್ತು. ಅವರ ಸಹಾಯಕ ಫ್ರಾನ್ಸಿಸ್ ವಿಲಿಯಂ ಆಸ್ಟನ್‌ಗೆ ಮಾತ್ರ ಮೂರನೆಯದೊಂದು ಹೊಳೆದಿತ್ತು: ಇಲ್ಲಿ ಎರಡು ನಿಯಾನ್‌ಗಳಿವೆ.

ಹೀಗೆ ಹೊಳೆಯಲು ಯಾವ ಆಸರೆ ಬೇಕು ನೋಡಿ. 20ರ ತೂಕದ್ದು ಹತ್ತಕ್ಕೆ ಒಂಬತ್ತು ಪಾಲು, 22ರದ್ದು ಒಂದು ಪಾಲು ಬೆರೆತಿದ್ದರೆ ಸರಾಸರಿ ಎಷ್ಟು? 20.2. ವಾಟ್ಸನ್ ತೂಗಿ ಕೊಟ್ಟಿದ್ದ ಸಂಖ್ಯೆಯೇ ಅದು. ಆಸ್ಟನ್ ತಮ್ಮ ಲೇಖನಗಳಲ್ಲೂ 1922ರ ‘ಐಸೋಟೋಪ್ಸ್’ ಪುಸ್ತಕದಲ್ಲೂ ವಾಟ್ಸನ್‌ನ ಈ ಅಳತೆಯ ಮೇಲೆಯೇ ನಿಲ್ಲುತ್ತಾರೆ.

ಈ ಇಬ್ಬರಿಗೆ ಪರಸ್ಪರ ಪರಿಚಯವಿತ್ತೇ ಎಂದು ಹುಡುಕಿದಾಗ ಸಿಕ್ಕಿದ್ದು ನನ್ನ ಮಟ್ಟಿಗೆ ಈ ಇಡೀ ಹುಡುಕಾಟದ ಅತ್ಯುತ್ತಮ ಕಾಗದ: 1912ರ ‘ಪ್ರೊಸೀಡಿಂಗ್ಸ್’, 86ನೆಯ ಸಂಪುಟ. ಅನಿಲ ತುಂಬಿದ ಕೊಳವೆಯಲ್ಲಿ ಕ್ಯಾಥೋಡಿನ ಮುಂದೆ ಮೂಡುವ ಕತ್ತಲೆಯ ಪಟ್ಟಿಯ ಉದ್ದಕ್ಕೂ ಒತ್ತಡ, ವೋಲ್ಟೇಜ್, ವಿದ್ಯುತ್ ಪ್ರವಾಹಗಳಿಗೂ ಇರುವ ಸಂಬಂಧ ಅದರ ವಿಷಯ. ಲೇಖಕರು ಇಬ್ಬರು: ಆಸ್ಟನ್ ಮತ್ತು ವಾಟ್ಸನ್. ಅಂದರೆ 22ರ ಗೆರೆ ಕಾಣುವ ಮುಂಚೆಯೇ, ವಿದ್ಯುತ್ ಕ್ಷೇತ್ರದಲ್ಲಿ ಬೇರೆಬೇರೆ ಅನಿಲಗಳು ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು ಈ ಇಬ್ಬರೂ ಜೊತೆಯಾಗಿ ಅಳೆದಿದ್ದರು. ಅದು ಅಚ್ಚಾದ ವರ್ಷಕ್ಕೆ ಒಬ್ಬ ಕೇಂಬ್ರಿಜ್‌ನಲ್ಲಿ, ಇನ್ನೊಬ್ಬ ಬೆಂಗಳೂರಿನಲ್ಲಿ. ನಿಯಾನನ್ನು ಕಂಡುಹಿಡಿದವನೂ ತೂಗಿದವನೂ ಮೈಸೂರು ಸಂಸ್ಥಾನದಲ್ಲಿದ್ದಾಗ ಅದು ಎರಡಾಗಿ ಸೀಳಿತು, ಐದು ಸಾವಿರ ಮೈಲಿ ಆಚೆ.

ಇಲ್ಲೊಂದು ಪಕ್ಕದ ದಾರಿ ಇದೆ, ಬಿಡಲು ಮನಸ್ಸಾಗುವುದಿಲ್ಲ. ಆ ಎರಡನೆಯ ನಿಯಾನ್‌ಗೆ ಆಸ್ಟನ್ ‘ಮೆಟಾ-ನಿಯಾನ್’ ಎಂದು ಹೆಸರಿಟ್ಟರು. ಹೆಸರು ಬಂದದ್ದು ಮದರಾಸಿನ ಅಡ್ಯಾರಿನಿಂದ. ಥಿಯಾಸಫಿಯ ಆನಿ ಬೆಸೆಂಟ್ ಮತ್ತು ಲೆಡ್‌ಬೀಟರ್ ದಿವ್ಯದೃಷ್ಟಿಯಿಂದ ಪರಮಾಣುಗಳನ್ನು ನೋಡಿದೆವೆಂದು 1908ರಲ್ಲಿ ಪ್ರಕಟಿಸಿದ ‘ಆಕಲ್ಟ್ ಕೆಮಿಸ್ಟ್ರಿ’ ಪುಸ್ತಕದಲ್ಲಿ ಆ ಪದವಿತ್ತು, ಸುಮಾರು 22 ತೂಕದ ನಿಯಾನ್ ಭೇದವೊಂದಕ್ಕೆ. 1913ರಲ್ಲಿ ಬ್ರಿಟಿಷ್ ಅಸೋಸಿಯೇಷನ್ನಿನ ಸಭೆಗೆ ಬರೆದ ಪ್ರಬಂಧದಲ್ಲಿ ಆಸ್ಟನ್ ಈ ಋಣವನ್ನು ಒಪ್ಪಿಕೊಂಡಿದ್ದರು. ಮುಂದೆ ಅಚ್ಚಾದ ಬರಹಗಳಲ್ಲಿ ಅದು ಇಲ್ಲ. ಬ್ರಿಟನ್ನಿನ ವಿಜ್ಞಾನ ಚರಿತ್ರಕಾರ ಜೆಫ್ ಹ್ಯೂಸ್ ಇದನ್ನು ಮತ್ತೆ ಬೆಳಕಿಗೆ ತಂದರು. ದಿವ್ಯದೃಷ್ಟಿಯನ್ನು ನಾನು ನಂಬುವುದಿಲ್ಲ. ಆದರೂ ಆ ಸಾಲನ್ನು ತೆಗೆಯಬಾರದಿತ್ತು. ಪದ ಎಲ್ಲಿಂದ ಬಂತೋ ಅಲ್ಲಿಂದ ಬಂತು ಎಂದು ದಾಖಲೆ ಹೇಳಬೇಕು.

ಎರಡು ನಿಯಾನ್‌ಗಳನ್ನು ಕಣ್ಣಾರೆ ಬೇರೆಮಾಡಿ ತೋರಿಸಲು ಆಸ್ಟನ್ ಬಿಳಿ ಜೇಡಿಮಣ್ಣಿನ ಕೊಳವೆಗಳ ಸೂಕ್ಷ್ಮರಂಧ್ರಗಳ ಮೂಲಕ ಅನಿಲವನ್ನು ಜಿನುಗಿಸಿದರು, ಮತ್ತೆ ಮತ್ತೆ, ಸಾವಿರಾರು ಸಲ. ಹಗುರವಾದದ್ದು ತುಸು ಬೇಗ ಜಿನುಗುತ್ತದೆ. ಅಷ್ಟೆಲ್ಲ ಮಾಡಿದ ಮೇಲೆ ಎರಡು ತುದಿಯ ಮಾದರಿಗಳ ತೂಕ 20.15 ಮತ್ತು 20.28 ಬಂತು. ವಾಟ್ಸನ್‌ನ 20.20 ಅವೆರಡರ ನಡುವೆ. 1913ರ ಡಿಸೆಂಬರ್‌ನಲ್ಲಿ ಫ್ರೆಡರಿಕ್ ಸಾಡಿ, ವಿಕಿರಣ ಧಾತುಗಳ ಕಡೆಯಿಂದ ಬಂದು, ‘ಐಸೋಟೋಪ್’ ಎಂಬ ಪದವನ್ನು ಅಚ್ಚಿಗೆ ತಂದರು. ನಮ್ಮ ಪಠ್ಯಪುಸ್ತಕಗಳ ಸಮಸ್ಥಾನಿ.

ಯುದ್ಧ ಎಲ್ಲವನ್ನೂ ನಿಲ್ಲಿಸಿತು. ಆಸ್ಟನ್ ಫಾರ್ನ್‌ಬರೊದ ವಿಮಾನ ಕಾರ್ಖಾನೆಗೆ ಹೋದರು. ಬೆಂಗಳೂರಿನಲ್ಲಿ ವಾಟ್ಸನ್ ಗಂಧದ ಚಕ್ಕೆಯ ಕಡೆ ತಿರುಗಿದರು. ಅದೇ ಯುದ್ಧ ಒಬ್ಬರನ್ನು ನಿಯಾನ್‌ನಿಂದ ಬಿಡಿಸಿ ವಿಮಾನಕ್ಕೆ ಹಚ್ಚಿತು, ಇನ್ನೊಬ್ಬರನ್ನು ನಮ್ಮ ಗಂಧಕ್ಕೆ. ಯುದ್ಧ ಮುಗಿದು 1919ರಲ್ಲಿ ಆಸ್ಟನ್ ಹೊಸ ಯಂತ್ರ ಕಟ್ಟಿದರು. ಈ ಸಲ ವಿದ್ಯುತ್ ಕ್ಷೇತ್ರ ಮೊದಲು, ಅಯಸ್ಕಾಂತ ಆಮೇಲೆ. ವೇಗದ ವ್ಯತ್ಯಾಸದಿಂದ ಹರಡಿಕೊಂಡ ಅಯಾನುಗಳನ್ನು ಅಯಸ್ಕಾಂತ ಒಂದೇ ಗೆರೆಗೆ ಕೂಡಿಸುವ ಹಾಗೆ ಜೋಡಣೆ. ಇದೇ ಮಾಸ್ ಸ್ಪೆಕ್ಟ್ರೋಗ್ರಾಫ್. ನಿಯಾನ್ 20 ಮತ್ತು 22 ಎರಡೂ ಅಚ್ಚುಕಟ್ಟಾಗಿ ಬಿದ್ದವು. ಕ್ಲೋರಿನ್‌ನ ಹಳೆಯ ತಲೆನೋವಾದ 35.46 ಕೂಡ 35 ಮತ್ತು 37ರ ಮಿಶ್ರಣವೆಂದು ಬಿಡಿಸಿಕೊಂಡಿತು. 1922ರಲ್ಲಿ ಆಸ್ಟನ್‌ಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಇಂದಿನ ಕೋಷ್ಟಕದಲ್ಲಿ ನಿಯಾನ್‌ನ ತೂಕ 20.1797, 20ರದ್ದು ನೂರಕ್ಕೆ 90.48, 22ರದ್ದು 9.25, ಉಳಿದ ಚೂರು 21. ಗಾಜಿನ ಬುರುಡೆ ಮತ್ತು ತಕ್ಕಡಿಯಿಂದ ತೆಗೆದ ಸಂಖ್ಯೆಗೂ ಇಂದಿನದಕ್ಕೂ ಇರುವ ಅಂತರ ಸಾವಿರದಲ್ಲಿ ಒಂದು ಪಾಲು.

ಆ ಯಂತ್ರದ ಮಕ್ಕಳು ಮೊಮ್ಮಕ್ಕಳು ಈಗ ಎಲ್ಲೆಲ್ಲೂ ಇವೆ. ಅಯಸ್ಕಾಂತವನ್ನು ಬಿಟ್ಟು, ನಾಲ್ಕು ಸರಳುಗಳ ನಡುವೆ ಹೊಯ್ದಾಡುವ ವಿದ್ಯುತ್ ಕ್ಷೇತ್ರದಿಂದಲೇ ಅಯಾನುಗಳನ್ನು ಆರಿಸುವ ಯಂತ್ರವನ್ನು ವೋಲ್ಫ್‌ಗಾಂಗ್ ಪೌಲ್ 1950ರ ದಶಕದಲ್ಲಿ ಕೊಟ್ಟರು. ತರಕಾರಿಯಲ್ಲಿ ಉಳಿದ ಕೀಟನಾಶಕವನ್ನು ಇಂದು ಹಿಡಿಯುವುದು ಬಹುಪಾಲು ಅದರಿಂದಲೇ. ನಮ್ಮ ಊರಿನ ಕಡೆಗೆ ಆಸ್ಟನ್‌ರ ಯಂತ್ರದ ಸಂತತಿ ಬಂದದ್ದು ಬೇರೆ ದಾರಿಯಲ್ಲಿ. ಹೇಮಾವತಿಯ ದಂಡೆಯ ಗೊರೂರು ಎಂದರೆ ಕನ್ನಡಿಗರಿಗೆ ರಾಮಸ್ವಾಮಿ ಅಯ್ಯಂಗಾರ್ಯರ ಊರು, ಆಮೇಲೆ ಅಣೆಕಟ್ಟು. ಭೂವಿಜ್ಞಾನಿಗಳಿಗೆ ಅದು ಭಾರತದ ತೀರ ಹಳೆಯ ಬಂಡೆಗಳ ಜಾಗಗಳಲ್ಲೊಂದು. ಗೊರೂರು–ಹಾಸನ ಕಡೆಯ ನೈಸ್ ಶಿಲೆಯ ವಯಸ್ಸು 336 ಕೋಟಿ ವರ್ಷ ಎಂದು ಬೆಕಿನ್‌ಸೇಲ್, ಡ್ರೂರಿ, ಹೋಲ್ಟ್ ಎಂಬ ಮೂವರು 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಕಲ್ಲಿನಲ್ಲಿರುವ ರುಬಿಡಿಯಂ 87 ನಿಧಾನವಾಗಿ ಸ್ಟ್ರಾನ್ಷಿಯಂ 87 ಆಗುತ್ತದೆ. ಹೀಗೆ ಹುಟ್ಟಿದ 87, ಮೊದಲಿನಿಂದಲೂ ಇರುವ 86ಕ್ಕೆ ಹೋಲಿಸಿದರೆ ಎಷ್ಟು, ಕಲ್ಲಿನಲ್ಲಿ ಉಳಿದ ರುಬಿಡಿಯಂ ಎಷ್ಟು ಎಂದು ಅಳೆದರೆ ವಯಸ್ಸು ಸಿಗುತ್ತದೆ. ರಸಾಯನಶಾಸ್ತ್ರದ ಕಣ್ಣಿಗೆ 86ಕ್ಕೂ 87ಕ್ಕೂ ಭೇದವಿಲ್ಲ. ಅಯಾನು ಮಾಡಿ ಕ್ಷೇತ್ರದೊಳಗೆ ಓಡಿಸಿದರೆ ಮಾತ್ರ ಅವು ಬೇರೆಯಾಗುತ್ತವೆ. ಗೊರೂರಿನಿಂದ ಇಳಿದ ಹೊಳೆಯೇ ಅಕ್ಕಿಹೆಬ್ಬಾಳಿನ ಬಳಿ ನಮ್ಮ ತಾಲ್ಲೂಕನ್ನು ಹಾಯುತ್ತದೆ. ನಮ್ಮ ತಾಲ್ಲೂಕಿನ ಹೆಸರನ್ನೇ ಭೂವಿಜ್ಞಾನಿಗಳು ಕೃಷ್ಣರಾಜಪೇಟೆ ಶಿಸ್ಟ್ ಪಟ್ಟಿ ಎಂದು ಹಳೆಯ ಶಿಲೆಗಳ ಒಂದು ಗುಂಪಿಗೆ ಇಟ್ಟಿದ್ದಾರೆ. ಹೊಯ್ಸಳರ ಶಿಲ್ಪಿಗಳಿಗೆ ಒಗ್ಗಿದ ಬಳಪದ ಕಲ್ಲು ಹುಟ್ಟುವುದು ಇಂಥ ಶಿಸ್ಟ್ ಪಟ್ಟಿಗಳಲ್ಲೇ.

ಮತ್ತೆ 1931ರ ಆ ಲೇಖನಕ್ಕೆ ಬರುತ್ತೇನೆ, ಏಕೆಂದರೆ ವಾಟ್ಸನ್ ಎಲೆಕ್ಟ್ರಾನ್ ಕಳೆದುಕೊಂಡ ನಿಯಾನನ್ನು ಆಸ್ಟನ್‌ಗೆ ಬಿಟ್ಟು, ಕಳೆದುಕೊಳ್ಳದ ನಿಯಾನನ್ನು ಬೆಂಗಳೂರಿನಲ್ಲಿ ಹಿಡಿದರು. ಅಯಾನಾಗದ ಪರಮಾಣುವನ್ನು ವಿದ್ಯುತ್ ಕ್ಷೇತ್ರ ಎಲ್ಲಿಗೂ ಎಳೆದೊಯ್ಯಲಾರದು. ಅದರ ಎಲೆಕ್ಟ್ರಾನುಗಳನ್ನು ಒಂದು ಕಡೆಗೆ, ಕೇಂದ್ರವನ್ನು ಇನ್ನೊಂದು ಕಡೆಗೆ ಅತ್ಯಲ್ಪವಾಗಿ ಜಗ್ಗುತ್ತದೆ. ಎರಡು ಫಲಕಗಳ ನಡುವೆ ನಿಯಾನ್ ತುಂಬಿದಾಗ, ನಿರ್ವಾತಕ್ಕೆ ಹೋಲಿಸಿದರೆ ಅವುಗಳ ವಿದ್ಯುತ್ ಧಾರಣೆ ಹೆಚ್ಚುವುದು ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತ ತುಸು ಜಾಸ್ತಿ, ಅಷ್ಟೇ. ಆ ಹೆಚ್ಚಳವನ್ನು ನಂಬುವ ಹಾಗೆ ಅಳೆಯಬೇಕೆಂದರೆ ಅನಿಲದ ಶುದ್ಧತೆ, ಉಷ್ಣತೆ, ಒತ್ತಡ, ಫಲಕಗಳ ಅಲುಗಾಟ ಎಲ್ಲವೂ ಹದ್ದಿನಲ್ಲಿರಬೇಕು. 1910ರಲ್ಲಿ ಮೂರನೆಯ ದಶಮಾಂಶಕ್ಕೆ ಹೋರಾಡಿದವರ ಕೈಯೇ ಇದು ಎಂದು ಓದುತ್ತಿದ್ದಂತೆ ತಿಳಿಯುತ್ತದೆ. 1934ರಲ್ಲಿ ಎರಡನೆಯ ಭಾಗ ಬಂತು: ಆಕ್ಸಿಜನ್, ನೈಟ್ರೋಜನ್, ಕಾರ್ಬನ್ ಮತ್ತು ಸಿಲಿಕಾನ್‌ಗಳ ಹೈಡ್ರೈಡುಗಳು, ಸಲ್ಫರ್‌ನ ಫ್ಲೂರೈಡು.

ಆ ವರ್ಷವೇ ವಾಟ್ಸನ್ ಲಂಡನ್ನಿಗೆ ಹೊರಟರು, ತಮ್ಮ ಗುರು ರಾಮ್ಸೆಯ ಹೆಸರಿನ ಪೀಠಕ್ಕೆ. ಕೆಲಸ ನಿಲ್ಲಲಿಲ್ಲ. 1934ರಲ್ಲಿ ಸಿ. ವಿ. ರಾಮನ್ ಬೆಂಗಳೂರಿನಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಕಟ್ಟಿ ಅದರ ‘ಪ್ರೊಸೀಡಿಂಗ್ಸ್’ ಶುರುಮಾಡಿದ್ದರು. 1935ರ ಸಂಪುಟದಲ್ಲಿ ಫ್ಲೂರಿನ್ ಮತ್ತು ಬೋರಾನ್‌ಗಳ ಆವಿಯಾಗುವ ಸಂಯುಕ್ತಗಳನ್ನು ವಿದ್ಯುತ್ ಕ್ಷೇತ್ರದಲ್ಲಿಟ್ಟು ಅಳೆದ ಲೇಖನವಿದೆ. ಅದೇ ವಿಷಯದ ಮುಂದುವರಿಕೆ ಅದು. ಲೇಖಕರ ಜಾಗದಲ್ಲಿ ಒಂದೇ ಹೆಸರು: ಕೆ. ಎಲ್. ರಾಮಸ್ವಾಮಿ.